ಕೌದಿಯ ಕೊನೆಯ ಹೊಲಿಗೆ ಯಾರದು?

ಮುಂಬಯಿಯ ಉಪನಗರವೊಂದರ ಕನ್ನಡ ಸಂಘದ ಮಹಿಳಾ ವಿಭಾಗದವರು ರಾಜ್ಯೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕರಕುಶಲ ಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಹೊಲಿಗೆಯ ಬಗೆಗಿನ ನನ್ನ ತಿಳಿವಳಿಕೆ ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕಷ್ಟೇ ಸಾಲುವಂಥದು. ಆದರೂ ಕೇಂದ್ರ ಸರಕಾರದ ಅಧಿಕಾರಿ, ಮೇಲಾಗಿ ಕನ್ನಡ ಎಂ.ಎ. ಎಂಬ ಎರಡು ಅರ್ಹತೆಗಳಿದ್ದರೆ ಹೊರನಾಡಿನ ಸಂಘಗಳಲ್ಲಿ ರಂಗೋಲಿಯಿಂದ ಹಿಡಿದು ಭಾವಗೀತೆಯವರೆಗೆ ಯಾವುದಕ್ಕೂ ತೀರ್ಪುಗಾರನಾಗಬಹುದೆಂಬುದು ಓದುಗರಿಗೆ ಗೊತ್ತಿರುವ ಸಂಗತಿಯೇ. ಅಂದು ನಾನು ಹಾಕಿದ ಒಂದು ಸಹಿಯ ಬಗ್ಗೆ ಈ ಲೇಖನ.

ಸ್ಪರ್ಧೆಗೆ ಬಂದ ಹದಿನೇಳು ವಸ್ತುಗಳಲ್ಲಿ ಒಂದು ಕೌದಿ ಇತ್ತು. ಐದಡಿ ಅಗಲ, ಏಳಡಿ ಉದ್ದ. ಮೇಲ್ಪದರದಲ್ಲಿ ಇಳಕಲ್ಲ ಸೀರೆಯ ಮೈ, ಗುಳೇದಗುಡ್ಡದ ಕುಪ್ಪಸದ ಖಣ, ಯಾರದೋ ಶಾಲೆಯ ಸಮವಸ್ತ್ರದ ನೀಲಿ, ಮಂಜರಪಾಟಿನ ಬಿಳಿ. ನೂರಾರು ತುಂಡುಗಳನ್ನು ಕೈಯಿಂದಲೇ ಕೂಡಿಸಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಮೂರು ಪದರಗಳನ್ನು ಒಂದಾಗಿ ಬಂಧಿಸುವ ಉದ್ದುದ್ದ ಸಾಲುಗಳು ಮಾತ್ರ ಹೊಲಿಗೆಯಂತ್ರದವು. ಸ್ಪರ್ಧೆಯ ನಿಯಮಾವಳಿಯಲ್ಲಿ 'ಯಂತ್ರದ ಹೊಲಿಗೆ ಇರಕೂಡದು' ಎಂಬ ವಾಕ್ಯವಿತ್ತು. ನಾವು ಹೆಚ್ಚು ಚರ್ಚಿಸಲಿಲ್ಲ. ಒಬ್ಬ ತೀರ್ಪುಗಾರ್ತಿ ಒಂದು ಮೂಲೆಯನ್ನು ತೋರಿಸಿ, ಅಲ್ಲಿ ಬೇರೆ ಬಣ್ಣದ ದಾರದಿಂದ ಒರಟಾಗಿ ಹೊಲಿದು ಮುಚ್ಚಿದ್ದಾರೆ, ಕೆಲಸದಲ್ಲಿ ನಾಜೂಕಿಲ್ಲ ಎಂದೂ ಸೇರಿಸಿದರು. 'ನಿಯಮಬಾಹಿರ' ಎಂದು ಬರೆದು ಮೂವರೂ ಸಹಿ ಮಾಡಿದೆವು. ಬಹುಮಾನ ಮಣಿಗಳ ತೋರಣವೊಂದಕ್ಕೆ ಹೋಯಿತು. ಅದರ ಮಣಿ, ದಾರ, ಗೊಂಡೆ ಎಲ್ಲವೂ ಕಾರ್ಖಾನೆಯಲ್ಲಿ ತಯಾರಾದವು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೌದಿ ತಂದಿದ್ದಾಕೆ ಅರುವತ್ತು ದಾಟಿದ ಹೆಂಗಸು, ವಿಜಾಪುರ ಕಡೆಯವರು. ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತ ನಮ್ಮೆಡೆಗೆ ನೋಡದೆಯೇ ಒಂದು ಮಾತು ಕೇಳಿದರು: "ಹಂಗಾದ್ರ ಇದು ನಾ ಮಾಡಿದ್ದಲ್ಲ, ಆಕಿ ಮಾಡಿದ್ದೂ ಅಲ್ಲ. ಮಾಡಿದವ್ರು ಯಾರ್ರೀ?" ಮೂರು ವರ್ಷ ಬಿಡುವಿದ್ದಾಗಲೆಲ್ಲ ತುಂಡು ಕೂಡಿಸಿ, ಬೆರಳ ಗಂಟುಗಳು ಬಾತು ದಬ್ಬಣ ಹಿಡಿಯಲಾಗದೆ, ಡೊಂಬಿವಲಿಯ ಒಬ್ಬ ಹೆಂಗಸಿಗೆ ಕೂಲಿ ಕೊಟ್ಟು ಅವರು ಅದನ್ನು ಮುಗಿಸಿಕೊಂಡಿದ್ದರು.

ಕೌದಿ ಎಂದರೆ ಏನೆಂಬುದನ್ನು ಈ ಪತ್ರಿಕೆಯ ಎಲ್ಲ ಓದುಗರಿಗೂ ಗೊತ್ತೆಂದು ಭಾವಿಸಲಾಗದು. ಮುಂಬಯಿ ಕನ್ನಡಿಗರಲ್ಲಿ ಬಹುಪಾಲು ಜನ ಕರಾವಳಿಯಿಂದ ಬಂದವರು. ಅವರ ನೆನಪುಗಳಲ್ಲಿ ಚಾಪೆಯಿದೆ, ಚಳಿಗಾಲದ ಕೌದಿಯಿಲ್ಲ. ಬಯಲುಸೀಮೆಯ ಮನೆಗಳಲ್ಲಿ ಹರಿದ ಸೀರೆ, ಧೋತರ, ಕುಪ್ಪಸಗಳು ಬಿಸಾಡುವ ವಸ್ತುಗಳಲ್ಲ. ತೊಳೆದು, ಒಣಗಿಸಿ, ಗಟ್ಟಿ ಭಾಗಗಳನ್ನು ಕತ್ತರಿಸಿಟ್ಟುಕೊಂಡು, ನಾಲ್ಕೈದು ಪದರ ಹಾಸಿ, ದಪ್ಪ ದಾರದಿಂದ ಬೆರಳಗಲಕ್ಕೊಂದು ಸಾಲಿನಂತೆ ಓಟದ ಹೊಲಿಗೆ ಹಾಕುತ್ತಾರೆ. ಒಳಗೆ ಅರಳೆ ಇರುವುದಿಲ್ಲ. ಪಿಂಜಾರರು ಬಿಲ್ಲು ಮಿಡಿದು ಅರಳೆ ತುಂಬಿ ಕೊಡುವ ರಜಾಯಿಗೂ ಕೌದಿಗೂ ಇದೇ ವ್ಯತ್ಯಾಸ. ಮುಂಬಯಿಯ ಮಳೆಗಾಲದಲ್ಲಿ ಒಮ್ಮೆ ತೊಯ್ದ ರಜಾಯಿ ಗಣೇಶ ಚೌತಿ ಕಳೆದರೂ ಒಣಗದು. ಕೌದಿ ಒಂದು ಹಗಲು ಬಿಸಿಲು ಕಂಡರೆ ಸಾಕು. ಹೆರಿಗೆಗೆ ಬಂದ ಮಗಳ ಕೂಸಿಗೆ ಅಜ್ಜಿಯ ಮೆತ್ತನೆಯ ಹಳೆಯ ಸೀರೆಯ ಕೌದಿಯೇ ಮೊದಲ ಹಾಸಿಗೆ. ಗಡಿಯಾಚೆ ಮರಾಠಿಯಲ್ಲಿ ಇದೇ ಗೋಧಡಿ. ಕೊಲ್ಹಾಪುರದ ಕಡೆ ವಾಕಳ ಎಂದೂ ಅನ್ನುತ್ತಾರೆ. ಬೆಳಗಾವಿಯ ಹೆಸರಿನಲ್ಲಿ ಎರಡು ರಾಜ್ಯಗಳ ನಡುವೆ ಇಷ್ಟೆಲ್ಲ ನಡೆದರೂ ಗಡಿಯ ಎರಡೂ ಬದಿಯ ಹೆಂಗಸರು ಅದೇ ಇಳಕಲ್ಲ ಸೀರೆಯನ್ನು ಉಟ್ಟು, ಹರಿದ ಮೇಲೆ ಅದೇ ರೀತಿ ಹೊಲಿದು ಹೊದ್ದುಕೊಂಡಿದ್ದಾರೆ.

ನನ್ನ ತಾಯಿ ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಜೋಳದ ರೊಟ್ಟಿಯ ಒಂದು ಒಣ ಚೂರನ್ನು ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂಬ ನಂಬಿಕೆ. ಈ ನೆನಪು ಸ್ಪರ್ಧೆಯ ದಿನ ನನಗೆ ಯಾಕೆ ಬರಲಿಲ್ಲವೆಂಬುದಕ್ಕೆ ಸಮಜಾಯಿಷಿ ಇಲ್ಲ. ಬಂದದ್ದು ಎರಡು ವಾರಗಳ ಬಳಿಕ, ಆ ಡೊಂಬಿವಲಿಯ ಮನೆಯ ಹೊಸ್ತಿಲಲ್ಲಿ.

ಆಕೆಯನ್ನು ಹುಡುಕಿಕೊಂಡು ಹೋದದ್ದು ಪಶ್ಚಾತ್ತಾಪದಿಂದಲೋ ಕುತೂಹಲದಿಂದಲೋ ಎಂದು ಈಗ ಬೇರ್ಪಡಿಸಿ ಹೇಳುವುದು ಕಷ್ಟ. ಗುಲಬರ್ಗಾ ಜಿಲ್ಲೆಯವರು. ಆ ಊರು 2014ರಿಂದ ಕಲಬುರಗಿಯಾಗಿದೆ, ಆಕೆಯ ಬಾಯಲ್ಲಿ ಇನ್ನೂ ಕಲಬುರ್ಗಿ, ಅದು ಮೊದಲೂ ಹಾಗೆಯೇ ಇತ್ತು. ಬರಗಾಲದ ವರ್ಷವೊಂದರಲ್ಲಿ ಗಂಡನೊಡನೆ ಸೊಲ್ಲಾಪುರ ಮಾರ್ಗದ ಗಾಡಿ ಹತ್ತಿ ಬಂದವರು. ಗಂಡ ನಾಕಾದಲ್ಲಿ ನಿಂತು ಕಟ್ಟಡದ ಕೆಲಸಕ್ಕೆ ಹೋಗುವಾತ. ಆಕೆ ಧಾರಾವಿಯ ಒಂದು ರಫ್ತು ಉಡುಪಿನ ಘಟಕದಲ್ಲಿ ಅಂಗಿಯ ಪಕ್ಕೆ ಹೊಲಿಯುವುದನ್ನು ಕಲಿತು, ಕಣ್ಣು ಮಂಜಾದಾಗ ಅಲ್ಲಿಂದ ಬಿಟ್ಟು, ಸಾಲದಲ್ಲಿ ಒಂದು ಹಳೆಯ ಯಂತ್ರ ಕೊಂಡವರು. ಕಾಲಿನಿಂದ ತುಳಿಯುವ ಆ ಯಂತ್ರಕ್ಕೆ ಈಗ ಮೋಟಾರು ಜೋಡಿಸಿದ್ದಾರೆ. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಮಂಚವೇ ಮೇಜು. ರಾತ್ರಿ ಮನೆಯವರು ಮಲಗಬೇಕಾದರೆ ಗಿರಾಕಿಯ ಕೌದಿ ಸುತ್ತಿಕೊಂಡು ಅಟ್ಟಕ್ಕೆ ಹೋಗುತ್ತದೆ.

ಆಕೆಯ ಬಳಿ ಬರುವ ಕೆಲಸದಲ್ಲಿ ಹೊಸ ಕೌದಿ ಕಡಿಮೆ. ಅರ್ಧಕ್ಕೆ ನಿಂತವೇ ಹೆಚ್ಚು. ತಾಯಿ ಆರಂಭಿಸಿ ತೀರಿಹೋದದ್ದು, ಸೊಸೆಗೆ ವೇಳೆಯಿಲ್ಲದೆ ಗಂಟಿನಲ್ಲೇ ಉಳಿದದ್ದು, ಊರಿನಿಂದ ತಂದ ಮೇಲ್ಪದರಕ್ಕೆ ಇಲ್ಲಿ ಒಳಪದರ ಸಿಗದೆ ನಿಂತದ್ದು. ಕನ್ನಡದವರಷ್ಟೇ ಅಲ್ಲ, ಮರಾಠಿಯವರೂ ಗುಜರಾತಿಯವರೂ ತರುತ್ತಾರೆ. ತರುವವರು ಹೆಚ್ಚಾಗಿ ಸಂಕೋಚದಿಂದಲೇ ತರುತ್ತಾರಂತೆ. ತಾವೇ ಮುಗಿಸಬೇಕಾಗಿತ್ತು ಎಂಬ ಅಳುಕು ಅವರ ಮಾತಿನಲ್ಲಿ ಇರುತ್ತದಂತೆ.

ಕೆಲಸದ ರೀತಿಯನ್ನು ಆಕೆ ವಿವರಿಸಿದಂತೆ ಬರೆಯುತ್ತೇನೆ, ಏಕೆಂದರೆ 'ಯಂತ್ರದಲ್ಲಿ ಹಾಕಿದರೆ ಮುಗಿಯಿತು' ಎಂಬ ಭಾವನೆ ನಮಗೆಲ್ಲ ಇತ್ತು. ಮನೆಯಲ್ಲಿ ಬಳಸುವ ಹೊಲಿಗೆಯಂತ್ರದ ಕೊರಳು, ಅಂದರೆ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಸಂದು, ಸುಮಾರು ಏಳಂಗುಲ. ಐದಡಿ ಅಗಲದ ಕೌದಿಯ ಅರ್ಧ ಭಾಗವನ್ನು ಬಿಗಿಯಾಗಿ ಸುರುಳಿ ಸುತ್ತಿ ಆ ಸಂದಿನೊಳಗೆ ತೂರಿಸಬೇಕು, ಉಳಿದರ್ಧ ಎಡಗಡೆ ಮಂಚದ ಮೇಲೆ ಒರಗಿರಬೇಕು. ಆದ್ದರಿಂದ ಹೊಲಿಗೆ ನಟ್ಟನಡುವಿನಿಂದ ಆರಂಭವಾಗಿ ಅಂಚಿನತ್ತ ಸಾಗುತ್ತದೆ. ಅದಕ್ಕೂ ಮೊದಲು ಗೇಣಿಗೊಂದರಂತೆ ಇಡೀ ಕೌದಿಗೆ ಕೈಯಿಂದ ಕಚ್ಚಾ ಟಾಕಾ ಹಾಕಬೇಕು. ಇಲ್ಲದಿದ್ದರೆ ಯಂತ್ರದ ಹಲ್ಲುಗಳು ಕೆಳಪದರವನ್ನು ಎಳೆದುಕೊಂಡು ಮುಂದೆ ಹೋಗಿ, ಮೇಲ್ಪದರ ಹಿಂದುಳಿದು, ಕೊನೆಗೆ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಸುಕ್ಕುಗಟ್ಟಿ ನಿಲ್ಲುತ್ತದೆ. ಕಚ್ಚಾ ಟಾಕಾಕ್ಕೇ ಅರ್ಧ ದಿನ ಬೇಕು. ಹೊಲಿಗೆ ಮುಗಿದ ಬಳಿಕ ಅದನ್ನೆಲ್ಲ ಬಿಚ್ಚಿ ತೆಗೆಯುವುದರಿಂದ ಆ ಅರ್ಧ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಳೆಯ ಬಟ್ಟೆಯ ಸಮಸ್ಯೆ ಇನ್ನೊಂದು. ಯಂತ್ರದ ಹೊಲಿಗೆಗೆ ಮೇಲಿನದೊಂದು, ಕೆಳಗಿನದೊಂದು ಎಂದು ಎರಡು ದಾರಗಳು. ಅವು ಒಂದನ್ನೊಂದು ಬಟ್ಟೆಯ ನಡುವೆ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅಂಗುಲಕ್ಕೆ ಹತ್ತು ಹನ್ನೆರಡು ಹೊಲಿಗೆ ಹಾಕಿದರೆ ಮೂವತ್ತು ವರ್ಷದ ಸೀರೆ ಅಂಚೆಚೀಟಿಯ ಅಂಚಿನಂತಾಗಿ, ಒಗೆತಕ್ಕೆ ಕೊಟ್ಟ ದಿನ ಸಾಲಿನುದ್ದಕ್ಕೂ ಹರಿಯುತ್ತದೆ. ಆದ್ದರಿಂದ ಹೊಲಿಗೆಯನ್ನು ಅಂಗುಲಕ್ಕೆ ಐದಾರಕ್ಕೆ ಇಳಿಸಿ, ಬಿಗಿಯನ್ನು ಸಡಿಲಿಸಿ, 18ನೆಯ ನಂಬರಿನ ಸೂಜಿ ಹಾಕಬೇಕು. ಇಳಕಲ್ಲ ಸೀರೆಯ ರೇಷ್ಮೆ ಸೆರಗು ಬಂದಲ್ಲಿ ಆಕೆ ಯಂತ್ರವನ್ನು ನಿಲ್ಲಿಸಿ ಅಷ್ಟು ಭಾಗವನ್ನು ಕೈಯಿಂದಲೇ ಹೊಲಿಯುತ್ತಾರೆ. ಗಿರಾಕಿ ಕೇಳಿರುವುದಿಲ್ಲ, ಕೂಲಿಯೂ ಹೆಚ್ಚು ಬರುವುದಿಲ್ಲ. ಆ ಕೌದಿಯ ಮೇಲೆ ಎಲ್ಲೆಲ್ಲಿ ಕೈ ಎಲ್ಲೆಲ್ಲಿ ಯಂತ್ರ ಎಂಬುದನ್ನು ಹೇಳಲು ತೀರ್ಪುಗಾರರಾದ ನಮಗೆ ಸಾಧ್ಯವಿರಲಿಲ್ಲ, ನಾವು ಬಗ್ಗಿ ನೋಡಿರಲೂ ಇಲ್ಲ.

ಇನ್ನು ಆ ಮೂಲೆ. ಕೌದಿ ಮುಗಿದ ಮೇಲೆ ಆಕೆ ಒಂದು ಮೂಲೆಯನ್ನು ನಾಲ್ಕು ಬೆರಳಷ್ಟು ಮುಚ್ಚದೆ ಹಾಗೆಯೇ ಬಿಟ್ಟು ಗಿರಾಕಿಗೆ ಮರಳಿಸುತ್ತಾರೆ. ರೊಟ್ಟಿಯ ಚೂರು ಇಡುವವರು ಇಡಲಿ, ಅಕ್ಕಿ ಕಾಳು ಹಾಕುವವರು ಹಾಕಲಿ, ಏನೂ ನಂಬದವರು ಸುಮ್ಮನೆ ಹೊಲಿಯಲಿ, ಕೊನೆಯ ಹೊಲಿಗೆ ಮಾತ್ರ ಮನೆಯವರ ಕೈಯದೇ ಆಗಿರಬೇಕು ಎಂದು. ನಾವು ಒರಟು ಎಂದು ಬೆರಳು ಮಾಡಿ ತೋರಿಸಿದ್ದು ಬಾತ ಬೆರಳುಗಳಿಂದ ಆ ವಿಜಾಪುರದಾಕೆ ಹಾಕಿದ ಕೊನೆಯ ಹೊಲಿಗೆಯನ್ನು.

ಒಂದು ಕೌದಿಗೆ ಆಕೆ ತೆಗೆದುಕೊಳ್ಳುವುದು 900 ರೂಪಾಯಿ. ದಾರ, ಸೂಜಿ, ವಿದ್ಯುತ್ತು ಆಕೆಯವೇ. ಕಚ್ಚಾ ಟಾಕಾ ಸೇರಿ ಹದಿನೈದು ತಾಸಿನ ಕೆಲಸ. ತಾಸಿಗೆ 60 ರೂಪಾಯಿ ಎಂದಾಯಿತು, ಖರ್ಚು ಕಳೆದರೆ ಇನ್ನೂ ಕಡಿಮೆ. ಗಿರಾಕಿಗಳು ಚೌಕಾಶಿ ಮಾಡುತ್ತಾರೆಯೇ ಎಂದು ಕೇಳಿದೆ. ಮಾಡುತ್ತಾರೆ. 'ಮಷೀನಿನ ಕೆಲಸ ತಾನೆ' ಎನ್ನುತ್ತಾರೆ. ನಮ್ಮ ನಿಯಮಾವಳಿಯ ವಾಕ್ಯಕ್ಕೂ ಆ ಚೌಕಾಶಿಯ ವಾಕ್ಯಕ್ಕೂ ಏನು ವ್ಯತ್ಯಾಸವೆಂದು ನಾನು ವಾಪಸು ಬರುವ ಲೋಕಲ್ ಗಾಡಿಯಲ್ಲಿ ಯೋಚಿಸಿದೆ. ಹೆಚ್ಚಿನದೇನೂ ಕಾಣಲಿಲ್ಲ.

ಇಲ್ಲಿ ನನ್ನ ವೃತ್ತಿಯ ಒಂದು ಸಂಗತಿಯನ್ನು ಪ್ರಸ್ತಾಪಿಸದೆ ವಿಧಿಯಿಲ್ಲ. ಕೈಯಿಂದ ಮಾಡಿದ್ದು ಯಾವುದು, ಯಂತ್ರದಿಂದ ಮಾಡಿದ್ದು ಯಾವುದು ಎಂಬ ಪ್ರಶ್ನೆ ತೆರಿಗೆ ಇಲಾಖೆಗಳಿಗೆ ಹೊಸದಲ್ಲ. ಕೇಂದ್ರ ಉತ್ಪಾದನಾ ಸುಂಕದ ಕಾಲದಲ್ಲಿ ಕರಕುಶಲ ವಸ್ತುಗಳಿಗೆ ವಿನಾಯಿತಿ ಇತ್ತು. ವಿನಾಯಿತಿ ಇದ್ದಲ್ಲಿ ವ್ಯಾಜ್ಯವೂ ಇರಲೇಬೇಕಲ್ಲ. 1990ರ ದಶಕದಲ್ಲಿ ಮರದ ಪೀಠೋಪಕರಣಗಳಿಗೆ ಸಂಬಂಧಿಸಿದ ಲೂಯಿ ಶಾಪ್ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋದಾಗ ನ್ಯಾಯಾಲಯ ಹಾಕಿಕೊಟ್ಟ ಅಳತೆಗೋಲು ಇದು: ವಸ್ತು ಪ್ರಧಾನವಾಗಿ ಕೈಯಿಂದ ಆದದ್ದಿರಬೇಕು, ನಡುವೆ ಯಂತ್ರದ ಬಳಕೆಯಾಗಿದ್ದರೆ ಬಾಧಕವಿಲ್ಲ, ಆದರೆ ಅದರಲ್ಲಿ ಗಣನೀಯವಾದ ಕಲಾತ್ಮಕ ಅಲಂಕರಣ ಇರಬೇಕು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂತು. 2018ರಲ್ಲಿ ಅದರ ಮಂಡಳಿ ಕರಕುಶಲ ವಸ್ತುವಿಗೆ ವ್ಯಾಖ್ಯೆ ಕೊಡುವಾಗಲೂ ಹೆಚ್ಚುಕಡಿಮೆ ಇದೇ ಮಾತುಗಳನ್ನು ಬಳಸಿತು, ಸಾಂಸ್ಕೃತಿಕವಾಗಿ ವಿಶಿಷ್ಟವಾಗಿರಬೇಕು ಎಂಬುದನ್ನೂ ಸೇರಿಸಿತು. ತೆರಿಗೆಯ ಕಾನೂನು ಉದಾರವೆಂದು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಕಚೇರಿಯಲ್ಲಿ ನಾನು ಈ ವ್ಯಾಖ್ಯೆಗಳನ್ನು ಅನ್ವಯಿಸಬಲ್ಲವ. ಭಾನುವಾರ ಸಂಘದ ಸಭಾಗೃಹದಲ್ಲಿ ಕುಳಿತಾಗ ಅದಕ್ಕಿಂತ ಕಟುವಾದ ನಿಯಮಕ್ಕೆ ಮರುಮಾತಿಲ್ಲದೆ ಸಹಿ ಹಾಕಿದೆ.

ಗಾಂಧೀಜಿಯವರ ನಿದರ್ಶನವೂ ಇದೆ. ಯಂತ್ರವಿರೋಧಿ ಎಂದು ಎಲ್ಲರೂ ಬಲ್ಲ ಗಾಂಧೀಜಿ 1924ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಪ್ರಕಟವಾದ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಬಟ್ಟೆ ಹೊಲಿಯುತ್ತ ಪಡುವ ಬವಣೆಯನ್ನು ಕಂಡು ಪ್ರೀತಿಯಿಂದ ಸಿಂಗರ್ ಆ ಯಂತ್ರವನ್ನು ರಚಿಸಿದನೆಂದು ಅವರು ನಂಬಿದ್ದರು. ಚರಿತ್ರೆ ಅಷ್ಟು ಮಧುರವಾಗಿಲ್ಲ. ಎಲಿಯಾಸ್ ಹೋ ಎಂಬಾತ 1846ರಲ್ಲೇ ಇಂಥ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದ. 1851ರಲ್ಲಿ ಪಡೆದ ಐಸಾಕ್ ಸಿಂಗರನು ಏಕಕಾಲಕ್ಕೆ ಹಲವು ಸಂಸಾರಗಳನ್ನು ನಡೆಸುತ್ತಿದ್ದ ಮಹಾಶಯ, ಪತ್ನೀಪ್ರೇಮಕ್ಕೆ ಆದರ್ಶನಲ್ಲ. ಆದರೆ ಗಾಂಧೀಜಿಯವರ ತರ್ಕಕ್ಕೆ ಇದರಿಂದ ಕುಂದಿಲ್ಲ. ದುಡಿಯುವವಳ ಕೈಯನ್ನು ಹಗುರ ಮಾಡುವ ಯಂತ್ರ ಬೇರೆ, ಆಕೆಯನ್ನೇ ಬದಿಗೆ ಸರಿಸುವ ಯಂತ್ರ ಬೇರೆ ಎಂಬುದು ಅವರ ಎಣಿಕೆ. ಮಂಚದ ಪಕ್ಕದಲ್ಲಿ ನಿಂತಿರುವ ಡೊಂಬಿವಲಿಯ ಯಂತ್ರ ಮೊದಲನೆಯ ಜಾತಿಯದು.

ಈ ಜಗಳ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ತುಂಡುಬಟ್ಟೆಯ ಹೊದಿಕೆಗಳು ಅಜ್ಜಿಯರ ಪೆಟ್ಟಿಗೆಯಿಂದ ಹೊರಬಂದು ಕಲಾಕೃತಿಗಳೆನಿಸಿದ್ದು 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮು ಅವುಗಳ ಪ್ರದರ್ಶನ ನಡೆಸಿದ ಮೇಲೆ. ಅಲ್ಲಿನ ಸ್ಪರ್ಧೆಗಳಲ್ಲಿಯೂ ಯಂತ್ರದಿಂದ ಹೊಲಿದದ್ದನ್ನು ಕೀಳೆಂದು ಕಾಣುತ್ತಿದ್ದರು. 1989ರಲ್ಲಿ ಕೆಂಟಕಿ ರಾಜ್ಯದ ಪಡೂಕಾ ಪಟ್ಟಣದ ದೊಡ್ಡ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಎಂಬಾಕೆ ಯಂತ್ರದಿಂದ ಹೊಲಿದ ಸೂರ್ಯಗ್ರಹಣದ ಹೊದಿಕೆಗೆ ಅತ್ಯುತ್ತಮ ಬಹುಮಾನ ಬಂದಾಗ ದೊಡ್ಡ ಗದ್ದಲವೇ ಆಯಿತು. ಈಗ ಅಲ್ಲಿ ಇತರರ ಕೈಕೆಲಸವನ್ನು ಮುಗಿಸಿಕೊಡುವುದೇ ಒಂದು ಸ್ವತಂತ್ರ ವೃತ್ತಿ. ಹತ್ತು ಹನ್ನೆರಡು ಅಡಿಯ ಚೌಕಟ್ಟಿನ ಮೇಲೆ ಹೊದಿಕೆಯನ್ನು ಬಿಗಿದು ನಿಲ್ಲಿಸುತ್ತಾರೆ, ಹಳಿಗಳ ಮೇಲೆ ಯಂತ್ರವೇ ಓಡಾಡುತ್ತದೆ. ಕೂಲಿಯನ್ನು ಚದರಂಗುಲದ ಲೆಕ್ಕದಲ್ಲಿ ಪಡೆಯುತ್ತಾರೆ. ಪ್ರದರ್ಶನಗಳಲ್ಲಿ ಇಬ್ಬರು ಸೇರಿ ಮಾಡಿದ ಹೊದಿಕೆಗಳಿಗೆ ಪ್ರತ್ಯೇಕ ವಿಭಾಗವಿದ್ದು, ತುಂಡು ಕೂಡಿಸಿದವಳ ಹೆಸರಿನ ಜತೆಗೆ ಮುಗಿಸಿಕೊಟ್ಟವಳ ಹೆಸರನ್ನೂ ಬರೆಯುತ್ತಾರೆ. ಶ್ರೀಮಂತ ದೇಶದ ವಿನೋದಗಳು ಎಂದು ಇದನ್ನು ತಳ್ಳಿಹಾಕಬಹುದು. ಹೆಸರು ಬರೆಯುವುದಕ್ಕೆ ಶ್ರೀಮಂತಿಕೆ ಯಾಕೆ ಬೇಕು?

ಎದುರು ಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ನಿಯಮಾವಳಿಯಲ್ಲಿ ಆ ವಾಕ್ಯ ಸೇರಿದ್ದಕ್ಕೂ ಹಿನ್ನೆಲೆಯಿದೆ. ಹಿಂದೊಮ್ಮೆ ಯಾರೋ ದಾದರಿನ ಪಾದಚಾರಿ ಮಾರ್ಗದಲ್ಲಿ ಕೊಂಡ ಸಿದ್ಧ ಹೊದಿಕೆಯನ್ನು ತಮ್ಮದೆಂದು ತಂದಿಟ್ಟಿದ್ದರಂತೆ. ಇದಕ್ಕಿಂತ ಗಂಭೀರವಾದ ಆಕ್ಷೇಪವೂ ಇದೆ. ಕೈಹೊಲಿಗೆಯೇ ಅರ್ಥವಾಗಿರುವ ಪರಂಪರೆಗಳಿವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನೇ ನೋಡಿ. ಅವರು ಅಂಚಿನ ಒಂದು ಮೂಲೆಯಲ್ಲಿ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ 'ಫೂಲ' ಇಡುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ನಡುವಿನಿಂದ ಅಂಚಿಗೆ ಹೋಗಲೇಬೇಕಾದ ಯಂತ್ರದಲ್ಲಿ ಈ ಕ್ರಮವನ್ನು ಉಳಿಸಿಕೊಳ್ಳುವುದು ಆಗದ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಈ ಶತಮಾನದ ಮೊದಲ ದಶಕದಲ್ಲಿ ಸಿದ್ದಿ ಹೆಂಗಸರೊಡನೆ ಕೆಲಸ ಮಾಡಿ ಕವಂದಿಗಳನ್ನು ಅಲ್ಲಿನ ಪ್ರದರ್ಶನಗಳಿಗೆ ಒಯ್ದರು. ಯಲ್ಲಾಪುರದಿಂದ ನಾಲ್ಕು ತಾಸಿನ ದಾರಿಯಲ್ಲಿರುವ ನಮ್ಮ ವಿಶ್ವವಿದ್ಯಾಲಯಗಳಿಗಿಂತ ಮೊದಲು ಅವರ ಕಣ್ಣಿಗೆ ಅವು ಬಿದ್ದದ್ದು ನಮಗೆ ಹೆಮ್ಮೆಯ ಸಂಗತಿಯೇನಲ್ಲ. ಕವಂದಿಗೆ ಯಂತ್ರ ಮುಟ್ಟಬಾರದು ಎಂದು ಸಿದ್ದಿ ಹೆಂಗಸರು ಹೇಳಿದರೆ ಅದನ್ನು ಒಪ್ಪಬೇಕು, ಹೇಳುವ ಅಧಿಕಾರ ಅವರದು. ಕೌದಿಯನ್ನು ಎಂದೂ ಹೊದೆಯದ ನಾವು ಮೂವರು ಅದನ್ನು ಹೇಳಲು ಹೊರಟದ್ದು ನನ್ನನ್ನು ಕಾಡುವ ವಿಷಯ.

ಕೌದಿಯನ್ನು ನೋಡುವ ನಮ್ಮ ದೃಷ್ಟಿಯ ಹಿಂದೆ ಮುಂಬಯಿ ಕನ್ನಡಿಗರ ಒಳರಾಜಕಾರಣವೂ ಇದೆ ಎಂದು ನನಗೆ ಅನ್ನಿಸುತ್ತದೆ. ಯಾರಿಗಾದರೂ ನೋವಾದರೆ ಕ್ಷಮೆಯಿರಲಿ. ಮುಂಬಯಿ ಕನ್ನಡಿಗನೆಂದರೆ ಉಡುಪಿ ಹೋಟೆಲು, ರಾತ್ರಿ ಶಾಲೆ, ಯಕ್ಷಗಾನ, ಮಾಟುಂಗ-ಮಾಹಿಮಗಳ ಸಭಾಗೃಹ ಎಂಬ ಚಿತ್ರ ದಶಕಗಳಿಂದ ಬಂದಿದೆ. ಅದು ಸುಳ್ಳಲ್ಲ, ಆ ರಾತ್ರಿ ಶಾಲೆಗಳಿಂದ ಬಂದ ಹಿರಿಯರ ದುಡಿಮೆಯಿಂದಲೇ ಇಂದು ನಾವು ಕುಳಿತುಕೊಳ್ಳಲು ಕುರ್ಚಿಗಳಿವೆ. ಆದರೆ ಬೆಳಗಿನ ಎಂಟು ಗಂಟೆಗೆ ನಾಕಾಗಳಲ್ಲಿ ಪಾಟಿ ಗುದ್ದಲಿ ಹಿಡಿದು ನಿಲ್ಲುವ ಗುಲಬರ್ಗಾ, ವಿಜಾಪುರ, ರಾಯಚೂರಿನವರೂ ಕನ್ನಡವನ್ನೇ ಆಡುತ್ತಾರೆ. ಅವರ ಹೆಸರು ನಮ್ಮ ಸದಸ್ಯತ್ವದ ಪುಸ್ತಕಗಳಲ್ಲಿ ಎಷ್ಟಿವೆ? ವಿಜಾಪುರದಾಕೆ ಸ್ಪರ್ಧೆಗೆ ಬಂದದ್ದೇ ಆಕೆಯ ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಸಂಘದ ಸದಸ್ಯೆ ಎಂಬ ಕಾರಣಕ್ಕೆ. ಕೌದಿ ಮುಗಿಸಿಕೊಟ್ಟಾಕೆ ಇಪ್ಪತ್ತು ವರ್ಷಗಳಿಂದ ಈ ಮಹಾನಗರದ ಅಂಚಿನಲ್ಲಿದ್ದರೂ ಕನ್ನಡ ಸಂಘ ಎಂಬುದೊಂದು ಇದೆಯೆಂದು ನನ್ನಿಂದಲೇ ಮೊದಲು ಕೇಳಿದ್ದು. "ಅಲ್ಲಿ ಏನ್ ಮಾಡ್ತಾರ್ರೀ?" ಎಂದು ಕೇಳಿದರು. ನಾಟಕ, ಭಾಷಣ, ಪುಸ್ತಕ ಬಿಡುಗಡೆ ಎಂದು ಹೇಳುತ್ತ ಹೋದಂತೆ ನನ್ನ ಪಟ್ಟಿ ನನಗೇ ತೆಳ್ಳಗೆ ಕಂಡಿತು.

ಈ ಮಹಾನಗರಕ್ಕೂ ಚಿಂದಿಗೂ ಇರುವ ನಂಟು ಹಳೆಯದು. ಗಿರಣಗಾಂವಿನ ಗಿರಣಿಗಳು ನಡೆಯುತ್ತಿದ್ದಾಗ ದೋಷವಿದ್ದ, ಅಳತೆ ತಪ್ಪಿದ ತುಂಡುಗಳು ಫೆಂಟು ಎಂಬ ಹೆಸರಿನಲ್ಲಿ ತೂಕದ ಮೇಲೆ ಮಾರಾಟವಾಗುತ್ತಿದ್ದವು, ಚಾಳುಗಳಲ್ಲಿ ಅವು ಗೋಧಡಿಗಳಾಗುತ್ತಿದ್ದವು. ದತ್ತಾ ಸಾಮಂತರ ನೇತೃತ್ವದ ಮುಷ್ಕರ 1982ರ ಜನವರಿ 18ರಂದು ಆರಂಭವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈಗ ಚಿಂದಿ ಬರುವುದು ಧಾರಾವಿ, ಕುರ್ಲಾಗಳ ಸಿದ್ಧ ಉಡುಪಿನ ಘಟಕಗಳಿಂದ, ಅದರಲ್ಲಿ ಹತ್ತಿಗಿಂತ ಪಾಲಿಯೆಸ್ಟರೇ ಹೆಚ್ಚು. ಹಳೆಯ ಸೀರೆಗಳಿಗೆ ಸ್ಟೀಲಿನ ಪಾತ್ರೆ ಕೊಟ್ಟು ಹೋಗುವ, ಮರಾಠಿಯಲ್ಲಿ ಬೋಹಾರಿಣಿ ಎನ್ನುವ ಹೆಂಗಸರ ಕೂಗು ಕಟ್ಟಡಗಳ ಕಾವಲುಗಾರರು ಗೇಟು ಹಾಕಿದಂದಿನಿಂದ ಅಪರೂಪವಾಗಿದೆ.

ಚಿಂದಿ ಹೊಲಿಯುವ ಹೆಂಗಸರ ಕೂಲಿಯ ಪ್ರಶ್ನೆಯನ್ನು ಯಾರೂ ಎತ್ತಿಯೇ ಇಲ್ಲ ಎಂದಲ್ಲ. ಎಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ 'ಸೇವಾ' ಸಂಘಟನೆ 1970ರ ದಶಕದ ಕೊನೆಯಲ್ಲಿ ಅಲ್ಲಿನ ದರಿಯಾಪುರದ ಮುಸ್ಲಿಮ್ ಹೆಂಗಸರನ್ನು ಒಗ್ಗೂಡಿಸಿತು. ಗಿರಣಿಯ ಚಿಂದಿಗಳನ್ನು ವರ್ತಕರಿಂದ ಪಡೆದು ಮನೆಯ ಯಂತ್ರದಲ್ಲಿ ರಜಾಯಿಯ ಖೋಲುಗಳನ್ನು ಹೊಲಿದುಕೊಡುವುದು ಅವರ ಕಸುಬು, ಕೂಲಿ ಚಿಲ್ಲರೆ ಕಾಸು. ಮನೆಯಲ್ಲಿ ಕುಳಿತು ಮಾಡುವ ಹೊಲಿಗೆ ಬಿಡುವಿನ ವೇಳೆಯ ವಿನೋದ, ದುಡಿಮೆಯಲ್ಲ ಎಂಬುದು ವರ್ತಕರ ವಾದವಾಗಿತ್ತು. ಹೆಚ್ಚು ಕೂಲಿ ಕೇಳಿದವರಿಗೆ ಚಿಂದಿ ಕೊಡುವುದನ್ನೇ ನಿಲ್ಲಿಸಿದಾಗ ಆ ಹೆಂಗಸರು ತಮ್ಮದೇ ಉತ್ಪಾದನಾ ಘಟಕ ಕಟ್ಟಿದರು, ಅದು ಮುಂದೆ 'ಸಬೀನಾ' ಎಂಬ ಸಹಕಾರ ಸಂಘವಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಮನೆಗೆಲಸದ, ಅಂದರೆ ಮನೆಯಲ್ಲೇ ಕುಳಿತು ಇತರರಿಗಾಗಿ ಮಾಡುವ ಕೆಲಸದ ಬಗ್ಗೆ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಅನುಮೋದಿಸಿಲ್ಲ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆಯಲ್ಲಿ ಅಂಥ ಕೆಲಸಗಾರರಿಗೆ ಒಂದು ವ್ಯಾಖ್ಯೆಯಾದರೂ ಬಂತು. ಗಿರಾಕಿಯ ಕೌದಿಗೆ ಗಿರಾಕಿಯಿಂದಲೇ ಕೂಲಿ ಪಡೆಯುವ ಡೊಂಬಿವಲಿಯಾಕೆ ಆ ವ್ಯಾಖ್ಯೆಯೊಳಗೆ ಬರುತ್ತಾಳೆಯೇ ಎಂದು ಯಾರಾದರೂ ಅಧಿಕಾರಿ ಕಡತದಲ್ಲಿ ಪ್ರಶ್ನೆ ಹಾಕಬಹುದು. ನಮ್ಮ ಜಾತಿಯವರನ್ನು ನಾನು ಬಲ್ಲೆ.

ಕೇಂದ್ರ ಸರಕಾರದ ಒಡಂಬಡಿಕೆಗಳು ನಮ್ಮ ಕೈಯಲ್ಲಿಲ್ಲ. ಸಂಘದ ಸ್ಪರ್ಧೆಯ ನಿಯಮಾವಳಿ ಇದೆ. ಸಂಘದ ಕಾರ್ಯಕಾರಿ ಸಮಿತಿಗೆ ನಾನು ಒಂದು ಪತ್ರ ಬರೆದಿದ್ದೇನೆ. ಯಂತ್ರವನ್ನು ನಿಷೇಧಿಸುವ ವಾಕ್ಯವನ್ನು ತೆಗೆದು, ಪ್ರಧಾನವಾಗಿ ಕೈಕೆಲಸವಿರಬೇಕು ಎಂಬ ಸುಪ್ರೀಂ ಕೋರ್ಟಿನ ಅಳತೆಯನ್ನೇ ಹಾಕೋಣ. ಕೊಂಡುತಂದ ವಸ್ತುಗಳನ್ನು ತಡೆಯಲು ಸ್ಪರ್ಧಿಗಳು ಅರೆಬರೆಯಾದ ಒಂದು ತುಂಡನ್ನು ಜತೆಗೆ ತರಲಿ, ಎರಡು ಹೊಲಿಗೆ ನಮ್ಮೆದುರು ಹಾಕಿ ತೋರಿಸಲಿ. ಅರ್ಜಿಯಲ್ಲಿ 'ಆರಂಭಿಸಿದವರು', 'ಮುಗಿಸಿದವರು' ಎಂದು ಎರಡು ಹೆಸರುಗಳಿಗೆ ಜಾಗವಿರಲಿ, ಬಹುಮಾನ ಬಂದರೆ ಇಬ್ಬರಿಗೂ ಬರಲಿ. ತೀರ್ಪುಗಾರರಲ್ಲಿ ಒಬ್ಬರಾದರೂ ಕೈಯಲ್ಲಿ ದಬ್ಬಣ ಹಿಡಿದವರಿರಲಿ. ಪ್ರತಿ ವರ್ಷ ಅತಿಥಿಗಳಿಗೆ ಹೊದಿಸುವ ಶಾಲುಗಳಿಗೆ ನಾವು ಮಾಡುವ ಖರ್ಚಿನಲ್ಲಿ ಒಂದಿಷ್ಟನ್ನು ತೆಗೆದು ನಾಲ್ಕು ಕೌದಿಗಳನ್ನು ಮಾಡಿಸಿದರೆ ಅತಿಥಿಗಳಿಗೂ ಅದು ಉಪಯೋಗಕ್ಕೆ ಬಂದೀತು. ನನಗೆ ಇದುವರೆಗೆ ಹೊದಿಸಿದ ಶಾಲುಗಳು ಇಪ್ಪತ್ತಮೂರು, ಒಂದನ್ನೂ ಹೊದ್ದು ಮಲಗಲಾಗಿಲ್ಲ.

ಸಮಿತಿಯ ಉತ್ತರ ಬಂದಿದೆ. ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲಾಗಿದೆಯಂತೆ, ನಿಯಮ ಬದಲಾವಣೆಗೆ ಮಹಿಳಾ ವಿಭಾಗದ ಅಭಿಪ್ರಾಯವನ್ನು ಕೇಳಲಾಗಿದೆಯಂತೆ. ಹಿಂದಿನ ತೀರ್ಪನ್ನು ಮರುಪರಿಶೀಲಿಸುವುದಕ್ಕೆ ಅವಕಾಶವಿಲ್ಲ ಎಂದೂ ಬರೆದಿದ್ದಾರೆ. ಆ ಮಾತನ್ನು ಹೇಳಲು ವಿಜಾಪುರದಾಕೆಯ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು. ಕೌದಿ ಅಲ್ಲಿರಲಿಲ್ಲ. ಸೊಸೆಯ ಹೆರಿಗೆಯಾಗಿ ಹನ್ನೊಂದು ದಿನವಾಗಿತ್ತು, ಕೂಸಿನ ಕೆಳಗೆ ಹಾಸಿದ್ದರು.